ಸ್ಲ್ಯಾಬ್‌ನ ಕಂದು ಕಲೆ: ಬಿಳಿ ಬಣ್ಣಕ್ಕೆ ಮುಂಚೆ ನಾನು ಮಾಡುವ ಕೆಲಸ

ಶಿರಸಿ ಕಡೆ ನಾಲ್ಕು ಮಳೆಗಾಲ ಕಂಡ ಸ್ಲ್ಯಾಬ್‌ನ ಒಳಬದಿಗೆ ಕಂದು ಕಲೆ ಇಲ್ಲ ಅಂದರೆ ಆ ಮನೆಯವರು ಪುಣ್ಯವಂತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ನೀರು ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡೇ ಇರುತ್ತದೆ. ನಾನು ಇಲ್ಲಿ ಪೇಂಟಿಂಗ್ ಕೆಲಸ ಮಾಡುವವನು. ಕರೆದರೆ ಕುಮಟಾ, ಕಾರವಾರಕ್ಕೂ ಹೋಗುತ್ತೇನೆ. ದೀಪಾವಳಿ ಕಳೆದ ಮೇಲೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಹೋದ ವರ್ಷ ಮೂರು ಕೋಟ್ ಹೊಡೆಸಿದ್ದೆ ಮಾರಾಯ, ಕಲೆ ಮತ್ತೆ ಬಂತು."

ಮೂರಲ್ಲ, ಆರು ಕೋಟ್ ಹೊಡೆದರೂ ಬರುತ್ತದೆ. ಈಗ ಮನೆಯೊಳಗೆ ಹೊಡೆಯುವ ಎಮಲ್ಶನ್, ಡಿಸ್ಟೆಂಪರ್ ಎಲ್ಲ ನೀರು ಬೆರೆಸುವ ಬಣ್ಣ. ಕಲೆಯೂ ನೀರಿನಲ್ಲೇ ಕರಗುವಂಥದ್ದು. ಹಸಿ ಬಣ್ಣ ತಾಗಿದ ಕೂಡಲೇ ಕಲೆ ಕರಗಿ ಅದರೊಳಗೆ ಸೇರುತ್ತದೆ. ಬಣ್ಣ ಆರುವಾಗ ನೀರಿನ ಜೊತೆಗೇ ಮೇಲೆ ಬಂದು ಕೂರುತ್ತದೆ. ಬೇಯಿಸಿದ ಅಡಿಕೆಯ ಚೊಗರು, ಅಂದರೆ ಆ ಕಂದು ರಸ, ಪಂಚೆಗೆ ತಾಗಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಸ್ಲ್ಯಾಬ್ ಕಲೆಯಲ್ಲೂ ಇರುವುದು ಅದೇ ಜಾತಿಯ ಒಗರು. ಟೆರೇಸ್ ಮೇಲೆ ಉಳಿದ ಅಡಿಕೆ ಸಿಪ್ಪೆ, ಮೂಲೆಯಲ್ಲಿ ಕೊಳೆತ ದರಕು (ಉದುರಿದ ಒಣ ಎಲೆ), ಅದರ ಮೇಲೆ ನಿಂತ ಮಳೆನೀರು. ಆ ಕಂದು ನೀರೇ ಬಿರುಕಿನಲ್ಲಿ ಇಳಿದಿರುತ್ತದೆ.

ಕಲೆಯ ಅಂಚು ಮಾತ್ರ ಯಾಕೆ ಅಷ್ಟು ಕಪ್ಪು ಅಂತ ಕೇಳುತ್ತಾರೆ. ನೀರು ಹರಡುತ್ತಾ ಹೋಗಿ ಅಂಚಿನಲ್ಲಿ ಬೇಗ ಆರುತ್ತದೆ, ಹೊತ್ತು ತಂದ ಕೊಳೆಯನ್ನೆಲ್ಲ ಅಲ್ಲೇ ಬಿಡುತ್ತದೆ. ಹಾಗಾಗಿ ನಡುಭಾಗಕ್ಕಿಂತ ಅಂಚೇ ಜಾಸ್ತಿ ಕಾಡುತ್ತದೆ.

ನನ್ನ ಮೊದಲ ಕೆಲಸ ಒದ್ದೆ ಬಿಳಿ ಬಟ್ಟೆ. ಕಲೆಯ ಮೇಲೆ ಒತ್ತಿ ಹಿಡಿದು ತೆಗೆಯುತ್ತೇನೆ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಎಮಲ್ಶನ್‌ನಲ್ಲಿ ಅದು ಎದ್ದು ಬರುವುದು ಖಂಡಿತ. ಬಚ್ಚಲುಮನೆಯ ಹಂಡೆ ಒಲೆಯ ಹೊಗೆ ಕಲೆಯೂ ಹೀಗೆಯೇ ಮೇಲೆ ಬರುತ್ತದೆ. ಬಿಳಿ ಪುಡಿಯಾಗಿ ಉದುರಿದರೆ ಅದು ಸಿಮೆಂಟಿನೊಳಗಿನ ಉಪ್ಪು. ಅದನ್ನು ಒಣ ಬ್ರಶ್‌ನಲ್ಲೇ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಕಪ್ಪು ಚುಕ್ಕಿ ಚುಕ್ಕಿ ಇದ್ದರೆ ಬೂಷ್ಟು. ಅದಕ್ಕೆ ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸುತ್ತೇನೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ತಲೆ ಮೇಲಿನ ಕೆಲಸ ಅಲ್ವಾ. ಕಕ್ಕಸು ತೊಳೆಯುವ ಆಸಿಡ್ ಅದರ ಜೊತೆ ಯಾವತ್ತೂ ಸೇರಬಾರದು, ಕ್ಲೋರಿನ್ ಗಾಳಿ ಏಳುತ್ತದೆ.

ಕಾರವಾರ, ಅಂಕೋಲಾ ಕಡೆ ಇನ್ನೊಂದು ಜಾತಿಯ ಕಲೆ ಸಿಗುತ್ತದೆ. ಕೇಸರಿ ಕಂದು, ಉಂಗುರವಿಲ್ಲ, ಗೆರೆ ಎಳೆದಂತೆ ಒಂದೇ ಸಾಲಿನಲ್ಲಿ. ಅದು ಒಳಗಿನ ಕಬ್ಬಿಣದ ರಾಡಿನ ತುಕ್ಕು. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ಕಾಂಕ್ರೀಟಿನೊಳಗೆ ಇಳಿದು ರಾಡನ್ನು ಹಿಡಿಯುತ್ತದೆ. ತೊಳೆಯದ ಸಮುದ್ರದ ಮರಳು ಹಾಕಿ ಕಟ್ಟಿದ್ದರಂತೂ ಉಪ್ಪು ಮೊದಲ ದಿನದಿಂದ ಒಳಗೇ ಇರುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಸುತ್ತಿಗೆಯ ಹಿಡಿಕೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ನಾನು ಬ್ರಶ್ ಒಳಗಿಡುತ್ತೇನೆ. ಅಲ್ಲಿ ಒಡೆದು, ರಾಡ್ ತಿಕ್ಕಿ, ತುಕ್ಕು ತಡೆಯುವ ಲೇಪ ಕೊಟ್ಟು, ರಿಪೇರಿ ಗಾರೆ ತುಂಬಬೇಕು. ಜಾಗ ದೊಡ್ಡದಿದ್ದರೆ ಇಂಜಿನಿಯರ್ ನೋಡಲೇಬೇಕು. "ಸದ್ಯಕ್ಕೆ ಮುಚ್ಚಿಬಿಡು" ಅನ್ನುವವರಿದ್ದಾರೆ. ಅಂಥ ಕೆಲಸ ನಾನು ಒಪ್ಪುವುದಿಲ್ಲ. ಕೆಳಗೆ ಮಕ್ಕಳು ಮಲಗುತ್ತಾರೆ.

ಈಗ ಮುಚ್ಚಬಹುದಾದ ಕಲೆಯ ವಿಷಯ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ನೆಂಟರು ಬರುತ್ತಾರೆ, ಹಾಗಾಗಿ ಊರಿಗೆ ಊರೇ ಬಣ್ಣ ಹೊಡೆಸುತ್ತದೆ. 2024ರ ಮಾರ್ಚ್ ಜಾತ್ರೆಗೆ ಮುಂಚೆ ಪೇಟೆ ಹತ್ತಿರದ ಒಂದು ಮನೆಯ ಹಾಲ್ ಕೆಲಸ ಬಂತು. ಸ್ಲ್ಯಾಬ್‌ನ ಒಂದು ಮೂಲೆಯಲ್ಲಿ ಉಂಗುರದೊಳಗೆ ಉಂಗುರ. ಅಂದರೆ ಬೇರೆ ಬೇರೆ ಮಳೆಗಾಲದ ಕಲೆಗಳು. "ಜಾತ್ರೆಯೊಳಗೆ ಮುಗಿಸಿಕೊಡು ತಮ್ಮಾ" ಅಂದರು ಯಜಮಾನರು. "ಆಗ್ತದೆ ಭಟ್ರೇ, ಮೊದಲು ಟೆರೇಸ್ ತೋರಿಸಿ" ಅಂದೆ.

ಮೇಲೆ ತಗಡಿನ ಶೀಟ್ ಮಾಡು ಇತ್ತು. ಶೀಟ್ ಇದ್ದರೆ ಸೋರುವುದಿಲ್ಲ ಅನ್ನುವುದು ಸುಮ್ನೆ ಧೈರ್ಯ. ಸ್ಕ್ರೂಗಳ ರಬ್ಬರ್ ವಾಶರ್ ಬಿಸಿಲಿಗೆ ಒಡೆದುಹೋಗಿತ್ತು. ಅಲ್ಲಿಂದ ತೊಟ್ಟಿಕ್ಕಿದ ನೀರು ಹೊರಹೋಗುವ ಪೈಪಿನ ಬಾಯಿಗೆ ದರಕು ಕಟ್ಟಿತ್ತು. ವಾಶರ್ ಬದಲಿಸಿ, ಬಾಯಿ ಬಿಡಿಸಿ, ಪ್ಯಾರಪಿಟ್ ಬುಡದ ಬಿರುಕು ತುಂಬಿಸಿದೆವು. ಆಮೇಲೆ ಪೈಪಿಗೆ ಬಟ್ಟೆ ತುರುಕಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡಿದೆವು. ಮಳೆಗಾಲಕ್ಕೆ ಕಾಯದೆ ಸೋರುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೋರುವುದು ನಿಂತರೂ ಸ್ಲ್ಯಾಬ್ ಕೂಡಲೇ ಒಣಗುವುದಿಲ್ಲ. ಕೈಗೆ ಒಣಗಿದಂತೆ ಕಾಣುತ್ತದೆ, ಅದನ್ನು ನಂಬಬಾರದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸುತ್ತೇನೆ. ಮಾರನೇ ದಿನ ತೆಗೆದಾಗ ಸ್ಲ್ಯಾಬ್ ಕಡೆಯ ಮುಖದಲ್ಲಿ ಹನಿ ಇದ್ದರೆ ಇನ್ನೂ ಕಾಯಬೇಕು. ಈ ಮನೆಯಲ್ಲಿ ಹನಿ ಇತ್ತು. ಯಜಮಾನರಿಗೆ ಸ್ವಲ್ಪ ಸಿಟ್ಟೂ ಬಂತು. ಫ್ಯಾನ್ ಹಾಕಿಟ್ಟು ಆ ಮೂಲೆ ಬಿಟ್ಟು ಬೇರೆ ಕೋಣೆ ಮಾಡಿದೆ.

ಒಣಗಿದ ಮೇಲೆ ಸಡಿಲ ಆದ ಪುಟ್ಟಿ, ಹಳೇ ಸುಣ್ಣ ಎಲ್ಲ ಕೆರೆದು ಹಾಕಿದೆ. ಪುಡಿ ಏಳುವ ಸುಣ್ಣದ ಮೇಲೆ ಯಾವ ಪ್ರೈಮರೂ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ನಿಲ್ಲುವುದಿಲ್ಲ, ಸಿಪ್ಪೆಯಾಗಿ ಎದ್ದು ಬರುತ್ತದೆ. ಕೆರೆದಲ್ಲಿ ಗುಂಡಿ ಬಿದ್ದರೆ ಸಿಮೆಂಟ್ ಪುಟ್ಟಿ ಈಗಲೇ ತುಂಬಬೇಕು, ಆಮೇಲೆ ಹಚ್ಚುವ ಆಯಿಲ್ ಪ್ರೈಮರ್‌ನ ಎಣ್ಣೆ ಪದರದ ಮೇಲೆ ಅದು ಕಚ್ಚುವುದಿಲ್ಲ. ಹೊಸ ಪ್ಲಾಸ್ಟರ್ ಮೇಲೆ ಆಯಿಲ್ ಪ್ರೈಮರ್ ಹಚ್ಚಲು ಅವಸರ ಮಾಡಬಾರದು. ಹಸಿ ಸಿಮೆಂಟಿನ ಕ್ಷಾರಕ್ಕೆ ಎಣ್ಣೆ ಸಾಬೂನಿನಂತೆ ಮೆತ್ತಗಾಗುತ್ತದೆ. 28 ದಿನ ಬಿಡುವುದು ಕ್ರಮ.

ಕಲೆ ತಡೆಯುವುದು ಟರ್ಪೆಂಟೈನ್ ಬೆರೆಸುವ ಆಯಿಲ್ ಪ್ರೈಮರ್. ಅದರಲ್ಲಿ ನೀರೇ ಇಲ್ಲ, ಹಾಗಾಗಿ ಕಲೆ ಕರಗುವುದಿಲ್ಲ. ಆರಿದ ಮೇಲೆ ಮೇಲಿನ ಎಮಲ್ಶನ್‌ನ ನೀರು ಕೆಳಗಿನ ಕಲೆಗೆ ಮುಟ್ಟದ ಹಾಗೆ ನಡುವೆ ನಿಲ್ಲುತ್ತದೆ. ಅಂಗಡಿಯಲ್ಲಿ ಬರೀ "ಪ್ರೈಮರ್" ಅಂದರೆ ನೀರಿನದ್ದನ್ನೇ ಕೊಡುತ್ತಾರೆ, ಬಾಯಿಬಿಟ್ಟು ಕೇಳಿ ತರಬೇಕು. ಅರಗಿನಿಂದ ಮಾಡಿದ ಪ್ರೈಮರ್ ಇನ್ನೂ ಬಲವಾದದ್ದು, ಒಂದು ಗಂಟೆಯೊಳಗೆ ಆರುತ್ತದೆ. ಆದರೆ ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗುವುದು ಕಷ್ಟ, ದುಬಾರಿ ಕೂಡ. ಸ್ಲ್ಯಾಬ್ ಕಲೆಗೆ ಆಯಿಲ್ ಪ್ರೈಮರ್ ನನಗೆ ಸಾಕಾಗಿದೆ.

ಉಂಗುರದ ಅಂಚಿನಿಂದ ಅರ್ಧ ಅಡಿ ಆಚೆಗೂ ಬ್ರಶ್ ಆಡಿಸುತ್ತೇನೆ. ತೆಳ್ಳಗಿನ ಒಂದು ಕೋಟ್, ರಾತ್ರಿಯೆಲ್ಲ ಬಿಟ್ಟು ಇನ್ನೊಂದು. ದಪ್ಪ ಹೊಡೆದರೆ ಮೇಲೆ ಆರಿ ಒಳಗೆ ಹಸಿ ಉಳಿಯುತ್ತದೆ, ತಲೆ ಮೇಲೂ ಬೀಳುತ್ತದೆ. ಕಿಟಕಿ ತೆಗೆದಿರಬೇಕು, ಒಲೆ, ದೀಪ ಹತ್ತಿರ ಇರಬಾರದು. ಎರಡನೇ ಕೋಟ್ ಆರಿದ ಮೇಲೆ ಅತಿ ಕಪ್ಪು ಅಂಚಿನ ಮೇಲೆ ಅಂಗೈಯಗಲ ಎಮಲ್ಶನ್ ಹಚ್ಚಿ ನೋಡುತ್ತೇನೆ. ಆರಿದಾಗ ಹಳದಿ ಕಂಡರೆ ಅಲ್ಲಿಗೆ ಇನ್ನೊಂದು ಕೋಟ್. ಭಟ್ಟರ ಮನೆಯಲ್ಲಿ ಒಂದು ಕಡೆ ಸಣ್ಣಗೆ ಹಳದಿ ಕಂಡಿತು, ಅಷ್ಟಕ್ಕೇ ಇನ್ನೊಂದು ಕೊಟ್ಟೆ.

ಎಲ್ಲ ಮುಗಿಯಿತು ಅನ್ನುವಾಗ ಯಜಮಾನರು, "ಬರೀ ಆ ಮೂಲೆಗೆ ಬಿಳಿ ಹೊಡೆದರೆ ಸಾಕಲ್ಲ?" ಅಂದರು. ಸಾಲದು. ಹಳೇ ಬಿಳಿಯ ಪಕ್ಕದಲ್ಲಿ ಹೊಸ ಬಿಳಿ ತೇಪೆಯಾಗಿ ಕಾಣುತ್ತದೆ. ಎಣ್ಣೆ ಪದರ ಬಣ್ಣ ಹೀರುವುದಿಲ್ಲ, ಉಳಿದ ಜಾಗ ಹೀರುತ್ತದೆ, ಹಾಗಾಗಿ ಹೊಳಪೂ ಬೇರೆಯಾಗುತ್ತದೆ. 220ನೇ ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಪ್ರೈಮರ್ ಅಂಚು ತಿಕ್ಕಿ ಇಳಿಸಿದೆ. ಹಾಲ್‌ನ ಇಡೀ ಸ್ಲ್ಯಾಬ್‌ಗೆ ಒಂದು ಕೋಟ್ ನೀರಿನ ಪ್ರೈಮರ್, ಮೇಲೆ ಎರಡು ಕೋಟ್ ಹೊಳಪಿಲ್ಲದ ಬಿಳಿ. ಕೊನೆಯ ಕೋಟ್‌ನಲ್ಲಿ ರೋಲರನ್ನು ಕಿಟಕಿಯಿಂದ ಬೆಳಕು ಬೀಳುವ ದಿಕ್ಕಿಗೇ ಎಳೆಯುತ್ತೇನೆ, ಅಡ್ಡ ಎಳೆದರೆ ಬೆಳಗಿನ ಬಿಸಿಲಿಗೆ ಪಟ್ಟೆ ಪಟ್ಟೆ ಕಾಣುತ್ತದೆ.