ಹಳೇ ರೇಟಿನ ಲೆಕ್ಕ

ತೊಗರಿಯ ಧಾರಣೆ ಪಟ್ಟಿ ಕೈಗೆ ಬಂದರೆ ನಾನು ಮೊದಲು ನೋಡೋದು ಆವಕ, ಅಂದರೆ ಅವತ್ತು ಪೇಟೆಗೆ ಎಷ್ಟು ಮಾಲು ಬಂತು ಅನ್ನೋದು. ಕಲಬುರಗಿ ಗಂಜಿನ (ಧಾನ್ಯದ ಪೇಟೆಯ) ದಾಲ್‌ಮಿಲ್ ಒಂದರಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ಕಣ್ಣು ತಾನಾಗಿಯೇ ಆ ಕಾಲಂಗೆ ಹೋಗುತ್ತದೆ. ಜನವರಿಯಲ್ಲಿ ಹೊಸ ಮಾಲು ಬಂದು ಕಾಲಿಡಲು ಜಾಗವಿಲ್ಲದ ದಿನದ ರೇಟಿಗೂ, ಆಷಾಢದ ಮಳೆಯಲ್ಲಿ ಇಪ್ಪತ್ತು ಚೀಲ ಬಂದ ದಿನದ ರೇಟಿಗೂ ಒಂದೇ ತೂಕ ಕೊಟ್ಟರೆ ಸಾವಕಾರ್ರು ಮರುದಿನವೇ ಮನೆಗೆ ಕಳಿಸುತ್ತಾರೆ. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತವೆ. ಮಾದರಿ ಅಂದರೆ ಅವತ್ತು ಹೆಚ್ಚು ಮಾಲು ಮಾರಾಟವಾದ ಬೆಲೆ. ಊರಲ್ಲಿ ಸುದ್ದಿಯಾಗೋದು ಗರಿಷ್ಠ ಮಾತ್ರ. ರೈತ ಅದನ್ನೇ ಕೇಳಿಕೊಂಡು ಬರುತ್ತಾನೆ, ಮಾಲು ಮಾರಿಕೊಡುವ ಅಡತಿಯವರು ಮಾದರಿ ತೋರಿಸುತ್ತಾರೆ, ಅಲ್ಲಿಂದ ಜಗಳ ಶುರು.

ಇಷ್ಟೆಲ್ಲ ತಿಳಿದವನು ಷೇರಿನ ಬೆಲೆ ಓದುವಾಗ ಆ ಬುದ್ಧಿಯನ್ನು ಗಂಜಿನಲ್ಲೇ ಬಿಟ್ಟು ಬಂದಿದ್ದೆ. 2021ರ ಅಕ್ಟೋಬರ್ 28. ಜೇವರ್ಗಿ ರಸ್ತೆಯಲ್ಲಿರುವ ನಮ್ಮ ಸೋದರಮಾವ ಫೋನ್ ಮಾಡಿದರು. ನಿವೃತ್ತ ಮಾಸ್ತರರು, ಪಿಂಚಣಿಯಲ್ಲಿ ಉಳಿಸಿ ಅಷ್ಟಿಷ್ಟು ಷೇರು ಕೊಂಡಿಟ್ಟವರು.

“ತಮ್ಮಾ, ಆ ರೈಲ್ವೆ ಟಿಕೀಟ್ ಷೇರು ನಿನ್ನೆ ನಾಕ್ ಸಾವಿರದ ಮ್ಯಾಲಿತ್ತು. ಇವತ್ತ ಒಂಬೈನೂರು ತೋರಸಲತ್ತದ. ಮುಳುಗಿತೇನೋ?”

“ಉಳದಷ್ಟು ಉಳೀಲಿ ಮಾಮಾ, ಮಾರಿಬಿಡ್ರಿ,” ಅಂದುಬಿಟ್ಟೆ.

ಅವರು ಮಾರಲಿಲ್ಲ. ಧೈರ್ಯ ಇತ್ತು ಅಂತಲ್ಲ, ಪಾಸ್‌ವರ್ಡ್ ಮರೆತಿತ್ತು. ಸಂಜೆ ಕೂತು ನೋಡಿದರೆ ಐಆರ್‌ಸಿಟಿಸಿ ತನ್ನ 10 ರೂಪಾಯಿ ಮುಖಬೆಲೆಯ (ಕಂಪನಿ ನಮೂದಿಸಿದ ಬೆಲೆ, ಪೇಟೆ ರೇಟಲ್ಲ) ಒಂದೊಂದು ಷೇರನ್ನೂ 2 ರೂಪಾಯಿಯ ಐದು ಷೇರಾಗಿ ಒಡೆದಿತ್ತು. ಮಾಮಾ ಇಟ್ಟಿದ್ದ ಹತ್ತು ಷೇರು ಐವತ್ತಾಗಿದ್ದವು. ಹೊಸ ಷೇರು ಖಾತೆಗೆ ಜಮಾ ಆಗಲು ಒಂದೆರಡು ದಿನ ಹಿಡಿಯುತ್ತದೆ. ಆ ನಡುವೆ ಮೊಬೈಲ್ ಆ್ಯಪ್ ಹತ್ತು ಷೇರಿಗೆ ಹೊಸ ರೇಟು ಹಚ್ಚಿ ಕೆಂಪು ಬಣ್ಣದಲ್ಲಿ ನಷ್ಟ ತೋರಿಸುತ್ತಿತ್ತು. ಒಂಬೈನೂರನ್ನು ಐದರಿಂದ ಗುಣಿಸಿದೆ. ಅವತ್ತು ಷೇರು ಇಳಿದಿರಲೇ ಇಲ್ಲ, ಏರಿತ್ತು!

ತಮಾಷೆ ಇರೋದು ಮರುದಿನದ್ದರಲ್ಲಿ. 28ರ ಸಂಜೆ, ಟಿಕೆಟ್ ಬುಕಿಂಗ್‌ಗೆ ಕಂಪನಿ ಹಾಕುವ ಅನುಕೂಲ ಶುಲ್ಕದಲ್ಲಿ ಅರ್ಧ ತನಗೆ ಕೊಡಬೇಕು ಅಂತ ರೈಲ್ವೆ ಸಚಿವಾಲಯ ಹೇಳಿತ್ತು. 29ರ ಬೆಳಿಗ್ಗೆ ಷೇರು ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಮಾಮಾ ಈ ಸಲ ಅಲುಗಾಡಲಿಲ್ಲ: “ಇದೂ ನಿನ್ನಿನಂಗೇ ಒಡದಿರಬೇಕು ಬಿಡೋ.” ಆದರೆ ಇದು ಖರೇ ಬಿದ್ದದ್ದು. ಸರ್ಕಾರ ಅವತ್ತೇ ಆ ನಿರ್ಧಾರ ಹಿಂತೆಗೆದುಕೊಂಡಿತು. ಹೀಗಾಗಿ ಸಂಜೆಗೆ ಶೇ 7ರ ಆಸುಪಾಸಿನ ಇಳಿಕೆಗೆ ನಿಂತಿತು. ಅಕ್ಕಪಕ್ಕದ ಎರಡು ದಿನ, ಒಂದು ಸುಳ್ಳು ಕುಸಿತ, ಒಂದು ನಿಜವಾದದ್ದು. ಬರೀ ಮುಕ್ತಾಯದ ಬೆಲೆ ಸಾಲಾಗಿ ಬರೆದಿಟ್ಟವನಿಗೆ ಮೊದಲನೆಯದು ಪ್ರಳಯದಂತೆ ಕಾಣುತ್ತದೆ, ಎರಡನೆಯದು ಕಾಣುವುದೇ ಇಲ್ಲ. ಆ ಬೆಳಗಿನ ಕಥೆ ಇರೋದು ‘ಕನಿಷ್ಠ’ ಕಾಲಂನಲ್ಲಿ.

ಆ ವಾರವೇ ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ) ವೆಬ್‌ಸೈಟಿನಿಂದ ಹಳೆಯ ಬೆಲೆಗಳ ಫೈಲು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನನ್ನದೇ ಖಾತೆ ಶುರು ಮಾಡಿದೆ. ದಿನಾಂಕ, ಆರಂಭ, ಗರಿಷ್ಠ, ಕನಿಷ್ಠ, ಕೊನೆಯ ವ್ಯವಹಾರದ ಬೆಲೆ, ಮುಕ್ತಾಯದ ಬೆಲೆ, ಕೈ ಬದಲಾದ ಷೇರುಗಳ ಸಂಖ್ಯೆ. ಕೊನೆಯ ವ್ಯವಹಾರ ಬೇರೆ, ಮುಕ್ತಾಯ ಬೇರೆ ಯಾಕೆ ಅಂತ ಒಂದು ರಾತ್ರಿ ತಲೆ ಕೆಡಿಸಿಕೊಂಡೆ. ನಾನು ಇಳಿಸಿಕೊಂಡ ಆ ವರ್ಷಗಳ ಫೈಲಿನಲ್ಲಿ ಮುಕ್ತಾಯದ ಬೆಲೆ ಅಂದರೆ ಮಧ್ಯಾಹ್ನ 3ರಿಂದ 3.30ರವರೆಗಿನ ವ್ಯವಹಾರಗಳ ತೂಕದ ಸರಾಸರಿ, ಹೆಚ್ಚು ಷೇರು ಕೈ ಬದಲಾದ ಬೆಲೆಗೆ ಹೆಚ್ಚು ತೂಕ. ತಿಳಿದ ಕೂಡಲೇ ನಗು ಬಂತು. ಕಟ್ಟಕಡೆಯ ಒಬ್ಬನ ಅವಸರಕ್ಕೆ ಇಡೀ ದಿನದ ರೇಟು ಕುಣಿಯಬಾರದು ಅಂತ ಮಾಡಿದ ವ್ಯವಸ್ಥೆ, ನಮ್ಮ ‘ಮಾದರಿ’ಯ ದಾಯಾದಿಯೇ. ಷೇರುಗಳ ಸಂಖ್ಯೆ ಅಂದರೆ ನಮ್ಮ ಆವಕ. ಸಣ್ಣ ಕಂಪನಿಯೊಂದರ ಷೇರು ದಿನಕ್ಕೆ ಇನ್ನೂರು ಮುನ್ನೂರು ಮಾತ್ರ ಕೈ ಬದಲಾಗುತ್ತ ಒಂದು ವಾರದಲ್ಲಿ ಶೇ 20 ಏರಿದ್ದರೆ ನನಗೆ ಆಷಾಢದ ಇಪ್ಪತ್ತು ಚೀಲ ನೆನಪಾಗುತ್ತವೆ.

ಈ ಕಾಲಂಗಳ ಪಕ್ಕದಲ್ಲಿ ನಾನೇ ಒಂದು ಸೇರಿಸಿದೆ: ‘ಕಂಪನಿ ಏನು ಮಾಡಿತು’. ಬೋನಸ್ (ಕಂಪನಿ ಪುಕ್ಕಟೆ ಕೊಡುವ ಷೇರು), ಷೇರು ವಿಭಜನೆ, ಲಾಭಾಂಶ ಎಲ್ಲ ಅಲ್ಲಿಗೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಕಾಲಮೇ. ಯಾಕಂದರೆ ಹಳೆಯ ಬೆಲೆ ಎರಡು ವೇಷದಲ್ಲಿ ಓಡಾಡುತ್ತದೆ. ಅವತ್ತು ಪೇಟೆಯಲ್ಲಿ ನಿಜವಾಗಿ ನಡೆದ ಬೆಲೆ ಒಂದು. ಆಮೇಲಿನ ಬೋನಸ್, ವಿಭಜನೆಗಳನ್ನು ಹಿಂದಕ್ಕೆ ಅನ್ವಯಿಸಿ ಇಳಿಸಿಕೊಂಡ ಬೆಲೆ ಇನ್ನೊಂದು. ಒಂದಕ್ಕೊಂದು ಬೋನಸ್ ಕೊಟ್ಟರೆ ಅದರ ಹಿಂದಿನ ಬೆಲೆಗಳೆಲ್ಲ ಅರ್ಧ, ಐದಾಗಿ ಒಡೆದರೆ ಐದನೇ ಒಂದು ಭಾಗ. ಕೆಲವು ತಾಣಗಳು ಲಾಭಾಂಶವನ್ನೂ ಕಳೆದು ಇನ್ನಷ್ಟು ಇಳಿಸುತ್ತವೆ. ಆ್ಯಪ್‌ನಲ್ಲಿ ಬೆಲೆಯ ಗೆರೆ ನುಣ್ಣಗೆ ಕಾಣೋದು ಹೀಗೆ ಇಳಿಸಿಕೊಂಡದ್ದರಿಂದ. ಷೇರು ಎಷ್ಟು ಬೆಳೆಯಿತು ಅಂತ ನೋಡಲು ಇಳಿಸಿಕೊಂಡ ಬೆಲೆಯೇ ಬೇಕು. ತೆರಿಗೆಗೆ ಕೂತರೆ ಅದೇ ಕೈ ಕೊಡುತ್ತದೆ.

ಕೈ ಕೊಡುವುದನ್ನು ಕಣ್ಣಾರೆ ಕಂಡದ್ದು ಮಾಮಾರ ಇನ್ಫೋಸಿಸ್ ಷೇರಿನಲ್ಲಿ. 2012ರಲ್ಲಿ ಕೊಂಡದ್ದು 50. ಕಂಪನಿ 2014, 2015ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು, 200 ಆದವು. 2018ರ ಸೆಪ್ಟೆಂಬರಿನಲ್ಲಿ ಮತ್ತೊಂದು ಬೋನಸ್, 400. ಮಗಳ ಮದುವೆಗೆ ಅಂತ 2023ರ ಡಿಸೆಂಬರಿನಲ್ಲಿ 200 ಮಾರಿದರು, ಸಿಕ್ಕಿದ್ದು ಸುಮಾರು 1,500ರ ರೇಟು.

ದೀರ್ಘಾವಧಿ ಷೇರು ಲಾಭದ ಮೇಲೆ 2018ರ ಏಪ್ರಿಲ್‌ನಿಂದ ಮತ್ತೆ ತೆರಿಗೆ ಬಂದಾಗ ಸರ್ಕಾರ ಒಂದು ರಿಯಾಯಿತಿ ಇಟ್ಟಿತು. 2018ರ ಜನವರಿ 31ರೊಳಗೆ ಕೊಂಡ ಷೇರಿಗೆ ಆ ದಿನದ ಗರಿಷ್ಠ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ನಿಜವಾದ ಖರೀದಿ ಬೆಲೆ ಅದಕ್ಕಿಂತ ಕಡಿಮೆಯಿದ್ದು, ಮಾರಿದ ಬೆಲೆ ಅದಕ್ಕಿಂತ ಮೇಲಿದ್ದರೆ. ಮಾಮಾ ಆ್ಯಪ್ ತೆಗೆದು ಆ ದಿನಾಂಕದ ಮೇಲೆ ಬೆರಳಿಟ್ಟರು, 550ರ ಮೇಲೆ ಏನೋ ತೋರಿಸಿತು. ಎನ್‌ಎಸ್‌ಇ ಫೈಲಿನಲ್ಲಿ ಅದೇ ದಿನದ ಬೆಲೆ 1,100ಕ್ಕೂ ಮೇಲೆ. ಲೆಕ್ಕ ಸಲೀಸಾಗಲಿ ಅಂತ 550, 1,100 ಎಂದೇ ಇಟ್ಟುಕೊಳ್ಳಿ. ಆ್ಯಪ್‌ನ ಪ್ರಕಾರ ಷೇರಿಗೆ 950 ಲಾಭ, 200ಕ್ಕೆ 1,90,000. ಆಗಿದ್ದ ಒಂದು ಲಕ್ಷದ ವಿನಾಯಿತಿ ಕಳೆದರೂ 90,000ಕ್ಕೆ ಶೇ 10ರಂತೆ 9,000 ರೂಪಾಯಿ ತೆರಿಗೆ, ಮೇಲೆ ಸೆಸ್. ನಿಜವಾದ ಬೆಲೆಯಿಂದ ಮಾಡಿದರೆ ಷೇರಿಗೆ 400 ಲಾಭ, ಒಟ್ಟು 80,000. ತೆರಿಗೆಯೇ ಇಲ್ಲ.

ಮಾಮಾ ನಂಬಲಿಲ್ಲ. “ಬೋನಸ್ ಬಂದ ಮ್ಯಾಲ ಅರ್ಧಾ ಆಗಬೇಕಲ್ಲೋ?” ಮಾಸ್ತರರ ಪ್ರಶ್ನೆ ನ್ಯಾಯವಾದದ್ದೇ. ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ. ಮಾರಿದ 200 ಷೇರು 2018ರ ಜನವರಿಯಲ್ಲೇ ಖಾತೆಯಲ್ಲಿದ್ದವು, ಅವಕ್ಕೆ ಆ ದಿನದ ನಿಜವಾದ ಗರಿಷ್ಠ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ಪುಕ್ಕಟೆ ಬಂದ 200ಕ್ಕೆ ಅಸಲು ಸೊನ್ನೆ. ಎಲ್ಲ 400 ಒಟ್ಟಿಗೇ ಮಾರಿದ್ದರೆ ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಅರ್ಧ ಮಾರಿದ್ದಕ್ಕೇ ಈ ಗೊಂದಲ. ವಿಭಜನೆಯಾಗಿದ್ದರೆ ಮಾತು ಬೇರೆ, ಅಲ್ಲಿ ಒಂದೇ ಷೇರು ತುಂಡಾದದ್ದು, ಅಸಲೂ ತುಂಡಾಗುತ್ತದೆ. ಉಳಿದ 200ನ್ನು ಮುಂದೆ ಮಾರಿದ ದಿನ ಬಂದ ಹಣವೆಲ್ಲ ಲಾಭವೇ ಅಂತ ಆ ಸಾಲಿನ ಎದುರು ಕೆಂಪು ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಲಾಭಾಂಶದ ಮಾತು ಬೇಗ ಮುಗಿಸುತ್ತೇನೆ. 2010ರಲ್ಲಿ ಕೋಲ್ ಇಂಡಿಯಾ 245 ರೂಪಾಯಿಗೆ ಪೇಟೆಗೆ ಬಂತು, 2020ರಲ್ಲಿ ಅದರ ಅರ್ಧಕ್ಕೂ ಇಳಿಯಿತು. ಗೆರೆ ನೋಡಿದರೆ ಹತ್ತು ವರ್ಷ ಮಣ್ಣುಪಾಲು. ಆದರೆ 2014ರ ಜನವರಿಯಲ್ಲಿ ಒಂದೇ ಸಲಕ್ಕೆ ಷೇರಿಗೆ 29 ರೂಪಾಯಿ ಲಾಭಾಂಶ ಕೊಟ್ಟ ಕಂಪನಿ ಅದು. ಬೆಲೆಯ ಫೈಲಿನಲ್ಲಿ ಆ 29 ಎಲ್ಲೂ ಇಲ್ಲ, ನಾವೇ ಬರೆದುಕೊಳ್ಳಬೇಕು.

ಇನ್ನು, ಹಳೆಯ ರೇಟು ನೋಡಿ ಮುಂದಿನ ರೇಟು ಹೇಳುವವರು ಗಂಜಿನಲ್ಲೂ ಇದ್ದಾರೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ರೇಟು ಕಣ್ಣಲ್ಲಿಟ್ಟುಕೊಂಡು ಮುಂದಿನ ಮುಂಗಾರಿಗೆ ಜನ ತೊಗರಿಯನ್ನೇ ಬಿತ್ತಿದರು. ಮಾಲು ರಾಶಿ ಬಿತ್ತು, ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇದ್ದರೂ ಅದಕ್ಕಿಂತ ಕೆಳಗೆ ಮಾರಿ ಹೋದರು. ಹಾಗಾಗಿ ಷೇರಿನ ಖಾತೆಯಲ್ಲಿ ನಾನು ಭವಿಷ್ಯ ಹುಡುಕುವುದಿಲ್ಲ. ಹಿಂದಿನ ಎತ್ತರದಿಂದ ಎಷ್ಟು ಬಿದ್ದಿತ್ತು, ಅಲ್ಲಿಗೆ ಮರಳಲು ಎಷ್ಟು ಕಾಲ ಹಿಡಿಯಿತು, ಇವೆರಡನ್ನೇ ನೋಡೋದು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಶೇ 13 ಕಳೆದುಕೊಂಡು 25,981ಕ್ಕೆ ನಿಂತಿತ್ತು. ಜನವರಿಯಲ್ಲಿ 42,000 ದಾಟಿದ್ದ ಸೂಚ್ಯಂಕ ಆ ಎತ್ತರಕ್ಕೆ ಮರಳಿದ್ದು ನವೆಂಬರಿನಲ್ಲಿ. ಆ ಎಂಟು ತಿಂಗಳು ಮಗಳ ಫೀಸು ಕಟ್ಟಲು ಷೇರಿಗೆ ಕೈ ಹಾಕದೆ ಇರಬಲ್ಲೆನೇ ಅಂತ ಕೇಳಿಕೊಂಡೆ. ಆಗಲ್ಲ ಅನ್ನಿಸಿತು. ಫೀಸಿನ ಹಣ ಬ್ಯಾಂಕಿಗೆ ಹೋಯಿತು. ಎಲ್ಲ ಷೇರೂ ಹೀಗೆ ಮರಳುವುದಿಲ್ಲ ಅನ್ನೋದಕ್ಕೆ 2009ರ ಜನವರಿ 7ರ ಸತ್ಯಂ ಸಾಫ್ಟ್‌ವೇರ್ ಕಂಪನಿಯ ಸಾಲನ್ನೂ ಖಾತೆಯಲ್ಲಿ ಇಟ್ಟಿದ್ದೇನೆ: ಒಂದೇ ದಿನ ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಲೆ ಹೋಯಿತು. ಅದರ ಹಿಂದಿನ ದಿನದವರೆಗಿನ ಚೆಂದದ ಗೆರೆ ಸುಳ್ಳು ಲೆಕ್ಕದ ಮೇಲೆ ಎದ್ದದ್ದು. ಲೆಕ್ಕ ಬರೆಯುವವನಿಗೆ ಆ ಸಾಲು ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಈಗ ಐಟಿಸಿಯದು ಬಾಕಿ ಇದೆ. 2025ರ ಜನವರಿಯಲ್ಲಿ ಅದರ ಹೋಟೆಲ್ ವ್ಯವಹಾರ ಬೇರೆಯಾಗಿ, ಹತ್ತು ಐಟಿಸಿ ಷೇರಿಗೆ ಒಂದು ಹೋಟೆಲ್ ಷೇರು ಬಂತು. ಜನವರಿ 6ರಂದು ಐಟಿಸಿ ಬೆಲೆ ಇಳಿದದ್ದೂ ಆ ಭಾಗ ಹೊರಗೆ ಹೋದದ್ದಕ್ಕೆ. ಮಾಮಾ ಇಟ್ಟದ್ದು 30, ಹೋಟೆಲ್ ಮೂರು ಬಂದಿವೆ. ಹಳೆಯ ಅಸಲನ್ನು ಎರಡೂ ಕಡೆ ಹಂಚಬೇಕು, ಹಂಚುವ ಅನುಪಾತವನ್ನು ಕಂಪನಿಯೇ ಕೊಟ್ಟಿದೆ. ಆದರೆ ಹಂಚಲು ಅಸಲು ಗೊತ್ತಿರಬೇಕಲ್ಲ. ಖರೀದಿಯ ಚೀಟಿ ಅತ್ತೆಯ ಸೀರೆ ಟ್ರಂಕಿನ ತಳದಲ್ಲಿದೆ ಅಂತಾರೆ ಮಾಮಾ. ಇಲ್ಲ, ಅದನ್ನು ರದ್ದಿಗೆ ಹಾಕಿ ಆಯ್ತು ಅಂತಾರೆ ಅತ್ತೆ. ಭಾನುವಾರ ಹೋಗಿ ಟ್ರಂಕ್ ತೆಗೆಸಬೇಕು.