ಹದಿನಾರರಿಂದ ಹನ್ನೆರಡಕ್ಕೆ ಇಳಿದ ನನ್ನ ಕ್ಲಸ್ಟರ್

ಹದಿನಾರು ಕಂಪ್ಯೂಟರ್ (ನೋಡ್) ಸೇರಿಸಿ ಒಂದೇ ಲೆಕ್ಕ ಮಾಡಿಸುವ ನನ್ನ ಕ್ಲಸ್ಟರ್ ತೀರಾ ನಿಧಾನವಾಗಿತ್ತು. "ಇನ್ನೂ ನಾಲ್ಕು ನೋಡ್ ಹಾಕು, ಸರಿಹೋಗುತ್ತೆ" ಅಂತ ಎಲ್ಲರೂ ಹೇಳಿದರು. ನಾನು ನಾಲ್ಕು ನೋಡ್ ಮಾರಿದೆ. ಈಗ ಅದೇ ಕೆಲಸ ಮೊದಲಿನ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿದೆ.

ತಪ್ಪು ಖರೀದಿಯಲ್ಲೇ ಆಗಿತ್ತು. ದುಡ್ಡಿನ ಮುಕ್ಕಾಲು ಪಾಲು ಹದಿನಾರು ಹಳೇ ಮಷೀನಿಗೆ ಸುರಿದು, ಉಳಿದದ್ದರಲ್ಲಿ ಅವನ್ನು ಜೋಡಿಸುವ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ತಂದೆ. ನನ್ನದು ಶಾಖ ಹರಿಯುವ ಲೆಕ್ಕ. ಹೆಜ್ಜೆಹೆಜ್ಜೆಗೂ ನೋಡ್‌ಗಳು ಅಂಚಿನ ಅಂಕಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಒಂದೇ ನೋಡ್‌ಗೆ ಹೋಲಿಸಿದರೆ ಎಂಟು ನೋಡ್‌ಗೆ ಹೆಚ್ಚುಕಮ್ಮಿ ಐದು ಪಟ್ಟು ವೇಗ ಬಂತು. ಹದಿನಾರಕ್ಕೆ ಅಷ್ಟೂ ಇಲ್ಲ!

ಟಾಪ್‌ನಲ್ಲಿ (ಪ್ರೊಸೆಸರ್ ಎಷ್ಟು ಬ್ಯುಸಿ ಅಂತ ತೋರಿಸುವ ಪ್ರೋಗ್ರಾಂ) ನೋಡಿದರೆ ಎಲ್ಲ ಕೋರ್ 100% ಬ್ಯುಸಿ. ಅದನ್ನೇ ನಂಬಿ ಮೂರು ವಾರ ಕಳೆದೆ. ಕೋರ್‌ಗಳು ಲೆಕ್ಕ ಮಾಡ್ತಾ ಇರಲಿಲ್ಲ. ಸಂದೇಶ ಬಂತಾ, ಬಂತಾ ಅಂತ ಎಂಪಿಐ (ನೋಡ್‌ಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ಸುಮ್ನೆ ಸುತ್ತುತ್ತಿತ್ತು. ಟೈಮರ್ ಹಾಕಿ ಅಳೆದರೆ ಮೂರರಲ್ಲಿ ಎರಡು ಪಾಲು ಹೊತ್ತು ಬರೀ ಕಾಯುವುದು.

ನೋಡ್ ಮಾರಿದ ದುಡ್ಡಿಗೆ ಗಿಗಾಬಿಟ್‌ಗಿಂತ ಬಹಳ ವೇಗದ ನೆಟ್‌ವರ್ಕ್ ಬಂತು: ಸೆಕೆಂಡ್‌ಹ್ಯಾಂಡ್ ಕ್ಯೂಡಿಆರ್ ಇನ್ಫಿನಿಬ್ಯಾಂಡ್ ಕಾರ್ಡ್, ಸ್ವಿಚ್. ಜೋಡಿಸಿದರೆ ಪೋರ್ಟ್‌ಗಳೆಲ್ಲ 'ಇನಿಶಿಯಲೈಜಿಂಗ್' ಅಂತಲೇ ಕೂತವು. ಕೇಬಲ್ ಕೆಟ್ಟಿದೆ ಅಂದುಕೊಂಡು ಹೊಸ ಕೇಬಲ್ ತರಿಸಿದೆ, ಆ ದುಡ್ಡು ದಂಡ. ಇನ್ಫಿನಿಬ್ಯಾಂಡ್ ಪೋರ್ಟ್‌ಗಳಿಗೆ ವಿಳಾಸ, ದಾರಿ ಹಂಚುವ ಸಬ್‌ನೆಟ್ ಮ್ಯಾನೇಜರ್ ಯಾವ ನೋಡ್‌ನಲ್ಲೂ ಓಡುತ್ತಿರಲಿಲ್ಲ, ಅಷ್ಟೇ. ಉಳಿದವನ್ನು ನಡೆಸುವ ಹೆಡ್ ನೋಡ್‌ನಲ್ಲಿ ಓಪನ್‌ಎಸ್ಎಂ ಅನ್ನುವ ಸಬ್‌ನೆಟ್ ಮ್ಯಾನೇಜರ್ ಶುರು ಮಾಡಿದೆ. ಕ್ಷಣದಲ್ಲಿ ಎಲ್ಲ 'ಆ್ಯಕ್ಟಿವ್'.

ಹನ್ನೆರಡು ನೋಡ್‌ಗೆ ಒಂಬತ್ತು ಪಟ್ಟು ಬರುತ್ತೆ ಅಂತ ಮೊದಲೇ ಬರೆದಿಟ್ಟಿದ್ದೆ. ಒಂಬತ್ತೂವರೆ ಬಂತು. ಯಾವ ರ್‍ಯಾಂಕ್ (ಲೆಕ್ಕದ ಒಂದೊಂದು ಪಾಲು ಮಾಡುವ ಪ್ರೋಸೆಸ್) ಯಾವ ನೋಡ್‌ಗೆ ಅನ್ನುವ ಜೋಡಣೆಯಿಂದಲೇ ಅದರಲ್ಲಿ ಒಂದು ಪಾಲು ಬಂದಿದೆ. ಆ ಜೋಡಣೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಡಿಸ್ಕ್ ಇಲ್ಲದೆ ನೆಟ್‌ವರ್ಕ್‌ನಿಂದ ಬೂಟ್ ಮಾಡಿಯೂ ನೋಡಿದೆ. ಕರೆಂಟ್ ಹೋಗಿ ಬಂದಾಗ ಹನ್ನೆರಡೂ ಒಟ್ಟಿಗೆ ಬೂಟ್ ಇಮೇಜ್ (ಆಪರೇಟಿಂಗ್ ಸಿಸ್ಟಂನ ಕಡತ) ಎಳೆದು ಹೆಡ್ ನೋಡ್ ಉಸಿರುಕಟ್ಟಿತು. ಒಂದೊಂದನ್ನೂ ಅರ್ಧ ನಿಮಿಷ ಬಿಟ್ಟು ಎಬ್ಬಿಸಿದರೆ ಸಲೀಸು.

ನೋಡ್‌ಗಳ ವೇಗಕ್ಕೆ ನೆಟ್‌ವರ್ಕ್ ಸಾಲದಿರುವುದೇನೂ ಹೊಸ ಕಾಯಿಲೆ ಅಲ್ಲ. 1994ರಲ್ಲಿ ನಾಸಾದಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಕಟ್ಟಿದ ಮೊದಲ ಬೇವುಲ್ಫ್‌ನಲ್ಲೂ (ಸಾಮಾನ್ಯ ಪಿಸಿ ಭಾಗಗಳಿಂದ ಕಟ್ಟಿದ ಕ್ಲಸ್ಟರ್) 16 ಪ್ರೊಸೆಸರ್‌ಗೆ ಒಂದು ಈಥರ್‌ನೆಟ್ ಸಾಲದೆ, ಒಂದಕ್ಕಿಂತ ಹೆಚ್ಚು ಈಥರ್‌ನೆಟ್ ತಂತಿಗಳನ್ನು ಒಟ್ಟು ಸೇರಿಸಿದ್ದರು. ಪ್ರೊಸೆಸರ್ ವೇಗ ಏರಿದಷ್ಟು ತಂತಿಯ (ನೆಟ್‌ವರ್ಕ್‌ನ) ವೇಗ ಏರಿಲ್ಲ, ಅಂತರ ಇನ್ನೂ ಜಾಸ್ತಿ ಆಗುತ್ತೆ. ಮುಂದೆ ಕ್ಲಸ್ಟರ್ ಕಟ್ಟುವವರು ಮೊದಲು ತಂತಿಗೆ, ಮೆಮೊರಿಗೆ ದುಡ್ಡು ಎತ್ತಿಡುತ್ತಾರೆ, ಉಳಿದದ್ದಕ್ಕೆ ನೋಡ್ ಕೊಳ್ಳುತ್ತಾರೆ. ನನ್ನ ಮುಂದಿನ ಕ್ಲಸ್ಟರ್‌ಗೆ ಆರೇ ನೋಡ್, ಅರ್ಧ ದುಡ್ಡು ನೆಟ್‌ವರ್ಕ್‌ಗೆ. ಕಾರ್ಡ್‌ಗಳು ಆಗಲೇ ಬಂದಿವೆ.