200 ಮೀಟರ್ ಬಟರ್‌ಫ್ಲೈ: ನನ್ನ ಲೆಕ್ಕವೆಲ್ಲ ಮೂರನೇ 50ರದ್ದು

200 ಮೀಟರ್ ಬಟರ್‌ಫ್ಲೈನಲ್ಲಿ, ಅಂದರೆ ಎರಡೂ ಕೈ ಒಟ್ಟಿಗೆ ಬೀಸಿ ಈಜುವ ರೇಸ್‌ನಲ್ಲಿ, ಮೊದಲ 50 ಮೀಟರ್ ಯಾರಿಗಾದರೂ ಹಗುರ ಅನಿಸುತ್ತದೆ. ಡೈವ್‌ನ ವೇಗ ಇರುತ್ತದೆ, ತೋಳು ದಣಿದಿರುವುದಿಲ್ಲ. ರೇಸ್ ಕೈತಪ್ಪುವುದು ಮೂರನೇ 50ರಲ್ಲಿ. ಅದಕ್ಕೇ ನಾನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ.

2 ನಿಮಿಷ 18 ಸೆಕೆಂಡ್ ಬೇಕು ಅಂದರೆ ಮೊದಲ 50ಕ್ಕೆ 31, ಎರಡನೆಯದಕ್ಕೆ 35, ಉಳಿದೆರಡಕ್ಕೆ 36, 36. ಮೊದಲ 50ನ್ನು ಇನ್ನೂ ಜೋರಾಗಿ ಈಜಬಲ್ಲೆ, ಆದರೆ ಈಜುವುದಿಲ್ಲ. ಪಕ್ಕದ ಲೇನ್‌ನವರು ಮುಂದೆ ಹೋದರೆ ಹೋಗಲಿ ಬಿಡಿ.

ನೀರಿನೊಳಗೆ ಗಡಿಯಾರ ಕಾಣುವುದಿಲ್ಲ ಅಲ್ವಾ? ಅದಕ್ಕೆ ಸ್ಟ್ರೋಕ್, ಅಂದರೆ ಎಷ್ಟು ಸಲ ಕೈ ಬೀಸಿದೆ ಅಂತ, ಎಣಿಸುತ್ತೇನೆ. 50 ಮೀಟರ್ ಪೂಲ್‌ನಲ್ಲಿ ಮೊದಲ ಲ್ಯಾಪ್‌ಗೆ 20, ಆಮೇಲೆ 22, 23, 24. ಮೂರನೆಯದರಲ್ಲಿ 25 ದಾಟಿದರೆ ಸೊಂಟ ಕೆಳಗಿಳಿದಿದೆ ಅಂತ ಗೊತ್ತಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಇದೇ ರೇಸ್‌ನಲ್ಲಿ ಗಾಗಲ್ಸ್ ಒಳಗೆ ನೀರು ತುಂಬಿ ಏನೂ ಕಾಣದಿದ್ದಾಗ ಅಮೆರಿಕದ ಮೈಕಲ್ ಫೆಲ್ಪ್ಸ್ ಸ್ಟ್ರೋಕ್ ಎಣಿಸಿಯೇ ಗೋಡೆ ಮುಟ್ಟಿದರು. 1 ನಿಮಿಷ 52.03 ಸೆಕೆಂಡ್, ಆಗಿನ ವಿಶ್ವದಾಖಲೆ!

ಇನ್ನು ಕಿಕ್, ಎರಡೂ ಕಾಲು ಸೇರಿಸಿ ನೀರನ್ನು ಒದೆಯುವುದು. ಪ್ರತಿ ಸ್ಟ್ರೋಕ್‌ಗೆ ಎರಡು. ಕೈ ನೀರಿಗೆ ಇಳಿಯುವಾಗ ಒಂದು, ತೊಡೆಯ ಪಕ್ಕದಿಂದ ಹೊರಬರುವಾಗ ಇನ್ನೊಂದು. ದಣಿದಾಗ ಮೊದಲು ಸಡಿಲವಾಗುವುದು ಈ ಎರಡನೆಯದೇ. ಅದು ಹೋದರೆ ಕೈ ಎತ್ತುವ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಮೂರನೇ 50ರಲ್ಲಿ ನಾನು ಕೈಯ ಬಗ್ಗೆ ಯೋಚಿಸುವುದೇ ಇಲ್ಲ. ಎರಡನೇ ಕಿಕ್, ಎರಡನೇ ಕಿಕ್, ಅಷ್ಟೇ.

ಉಸಿರು 100 ಮೀಟರ್‌ನಲ್ಲಿ ಎರಡು ಸ್ಟ್ರೋಕ್‌ಗೆ ಒಮ್ಮೆ, 200ರಲ್ಲಿ ಪ್ರತಿ ಸ್ಟ್ರೋಕ್‌ಗೂ. ಗದ್ದ ನೀರಿಗೆ ತಾಗಿದಂತೆಯೇ ಇರಬೇಕು. ಕೈಗಿಂತ ಮೊದಲು ತಲೆ ಒಳಗೆ ಹೋಗಬೇಕು. ತಲೆ ತಡವಾದರೆ ಕಾಲು ಮುಳುಗುತ್ತದೆ.

ಅಭ್ಯಾಸದಲ್ಲಿ ಪೂರ್ತಿ 200 ಬಟರ್‌ಫ್ಲೈ ಈಜುವುದು ಅಪರೂಪ. ಕೆಟ್ಟ ಸ್ಟ್ರೋಕ್‌ನಲ್ಲಿ ಸುಮ್ನೆ ದೂರ ಎಳೆದರೆ ಮೈ ಅದನ್ನೇ ಕಲಿತುಬಿಡುತ್ತದೆ. ಅದರ ಬದಲು 36 ಸೆಕೆಂಡ್ ವೇಗದ 50ಗಳು, ನಡುವೆ ಸ್ವಲ್ಪವೇ ವಿರಾಮ. ಎರಡನೇ ಕಿಕ್ ತಪ್ಪಿತು ಅಂದರೆ ಆ ದಿನಕ್ಕೆ ಬಟರ್‌ಫ್ಲೈ ಸಾಕು, ಉಳಿದದ್ದು ಫ್ರೀಸ್ಟೈಲ್.

ಗೋಡೆ ಮುಟ್ಟುವುದಕ್ಕೂ ಅಭ್ಯಾಸ ಬೇಕು. ಜಾಸ್ತಿ ಜನ ಇದನ್ನು ಬಿಟ್ಟುಬಿಡುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದೇ 200 ಮೀಟರ್‌ನ ಕೊನೆವರೆಗೂ ಮುಂದಿದ್ದ ಫೆಲ್ಪ್ಸ್ ಗೋಡೆಯ ಹತ್ತಿರ ತೇಲಿಕೊಂಡು ಹೋದರು. ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೋಸ್ 0.05 ಸೆಕೆಂಡ್‌ನಲ್ಲಿ ಗೆದ್ದರು. ಗೋಡೆ ಇನ್ನೂ ದೂರ ಅನಿಸಿದರೆ ನಾನು ತೇಲುವುದಿಲ್ಲ, ಇನ್ನೊಂದು ಚಿಕ್ಕ ಸ್ಟ್ರೋಕ್ ಹಾಕಿ ಎರಡೂ ಕೈ ಒಟ್ಟಿಗೆ ಮುಟ್ಟಿಸುತ್ತೇನೆ.